ಮುದಿ ಬೆಕ್ಕಿನ ಅಂಕಪಟ್ಟಿ

ಪರೀಕ್ಷೆಯೆಂಬ ಮಾತಿಗೆ ನಮ್ಮ ಮನೆಗಳಲ್ಲಿ ಒಂದೇ ಅರ್ಥ ರೂಢಿಯಾಗಿಬಿಟ್ಟಿದೆ. ಪರೀಕ್ಷೆಯೆಂದ ಮೇಲೆ ತೇರ್ಗಡೆ, ಇಲ್ಲವೆ ನಪಾಸು. ನಡುವೆ ಮತ್ತೊಂದು ಸ್ಥಿತಿಯುಂಟೆಂದು ನಮಗೆ ತೋರುವುದೇ ಇಲ್ಲ. ಶಾಲೆಯಲ್ಲಿ ಹತ್ತು ಹದಿನೈದು ವರ್ಷ ಅಂಕಪಟ್ಟಿಗಳನ್ನು ನೋಡಿ ನೋಡಿ ಪಳಗಿದ ಕಣ್ಣು, ಮುಂದೆ ರಕ್ತಪರೀಕ್ಷೆಯ ಕಾಗದವನ್ನೂ ಅದೇ ರೀತಿಯಲ್ಲಿ ಓದುತ್ತದೆ. ದಪ್ಪ ಅಚ್ಚಿನ ಒಂದು ಅಂಕಿ, ಅದರ ಪಕ್ಕದಲ್ಲಿ ಮೇಲ್ಮುಖವಾದ ಒಂದು ಬಾಣದ ಗುರುತು, ಇಷ್ಟು ಕಂಡರೆ ಸಾಕು, ಎದೆ ಕುಸಿಯುತ್ತದೆ. ಆ ಕಾಗದ ಮನುಷ್ಯರದ್ದಾದರೆ ಸಂತೈಸುವುದಕ್ಕೆ ನಾಲ್ಕು ಜನ ಇರುತ್ತಾರೆ. ಮನೆಯ ಮುದಿ ಬೆಕ್ಕಿನದಾದರೆ ಓದಿದವನು ಒಬ್ಬನೇ. ಏಕೆಂದರೆ ಆ ಆತಂಕವನ್ನು ಬಾಯಿಬಿಟ್ಟು ಹೇಳಿಕೊಳ್ಳುವುದಕ್ಕೇ ಸಂಕೋಚ. ಈಗಂತೂ ಅನೇಕ ಪ್ರಯೋಗಾಲಯಗಳವರು ಫಲಿತಾಂಶವನ್ನು ನೇರವಾಗಿ ಮೊಬೈಲಿಗೇ ಕಳುಹಿಸುತ್ತಾರೆ. ವೈದ್ಯರ ಮಾತು ಬರುವುದು ಮರುದಿನ ಬೆಳಿಗ್ಗೆ, ಅಂಕಿ ಬರುವುದು ರಾತ್ರಿ ಹತ್ತು ಗಂಟೆಗೆ. ನಡುವಣ ಆ ರಾತ್ರಿ ದೀರ್ಘವಾದದ್ದು.

ಈ ಕಾಗದವನ್ನು ಹೇಗೆ ಓದಬೇಕು, ಓದಿದ ಮೇಲೆ ಏನು ಮಾಡಬೇಕು ಎಂಬುದು ಕ್ಷುಲ್ಲಕವಾದ ಪ್ರಶ್ನೆಯಲ್ಲವೆಂದು ನನ್ನ ಅಭಿಪ್ರಾಯ. ಅದನ್ನು ತೀರ್ಪೆಂದು ಓದಿದವರಲ್ಲಿ ಕೆಲವರು, ಇನ್ನೂ ಕೆಲವು ವರ್ಷ ನೆಮ್ಮದಿಯಾಗಿ ಬಾಳಬಹುದಾದ ಪ್ರಾಣಿಯನ್ನು ಅಂದೇ ಕೈಬಿಡುತ್ತಾರೆ. ಮತ್ತೆ ಕೆಲವರು ಪರೀಕ್ಷೆಯ ಮೇಲೆ ಪರೀಕ್ಷೆ ಮಾಡಿಸುತ್ತ ಅದರ ಕಡೆಯ ದಿನಗಳು ಬುಟ್ಟಿಯಲ್ಲಿಯೂ ಆಟೋರಿಕ್ಷಾದಲ್ಲಿಯೂ ಕಳೆಯುವಂತೆ ಮಾಡುತ್ತಾರೆ. ಇಬ್ಬರ ಕಣ್ಣೂ ಕಾಗದದ ಮೇಲೆಯೇ, ಬೆಕ್ಕಿನ ಮೇಲಲ್ಲ.

ಹಿಂದಿನವರಿಗೆ ಈ ಪೇಚಾಟವಿರಲಿಲ್ಲ, ಅವರೇ ಸುಖಿಗಳು ಎನ್ನುವವರುಂಟು. ಕಣಜಕ್ಕೆ ಇಲಿ ಬಾರದಿರಲೆಂದು ಸಾಕಿದ ಬೆಕ್ಕು ಮುದಿಯಾದ ಮೇಲೆ ಒಂದು ದಿನ ಕಾಣೆಯಾಗುತ್ತಿತ್ತು. ಬೆಕ್ಕು ತನ್ನ ಸಾವನ್ನು ಯಾರಿಗೂ ತೋರಗೊಡುವುದಿಲ್ಲವೆಂದು ಹಿರಿಯರು ಸ್ವಲ್ಪ ಗೌರವದಿಂದಲೇ ಹೇಳುತ್ತಿದ್ದರು. ಅದರಲ್ಲಿ ಗಾಂಭೀರ್ಯವನ್ನು ಕಾಣುವುದು ನಮ್ಮ ಕಲ್ಪನೆಯ ಔದಾರ್ಯವೇ ಹೊರತು ಮತ್ತೇನಲ್ಲ. ತಾನು ಬೇಟೆಯಾಡುವ, ದೊಡ್ಡ ಪ್ರಾಣಿಗಳಿಗೆ ತಾನೂ ಬೇಟೆಯಾಗಬಲ್ಲ ಸಣ್ಣ ಜೀವ ತನ್ನ ನೋವನ್ನು ಮರೆಮಾಡಿಕೊಳ್ಳುತ್ತದೆ. ಅಟ್ಟದ ಮೂಲೆಯಲ್ಲಿಯೊ ಸೌದೆಯ ರಾಶಿಯ ಹಿಂದೆಯೊ ಅಡಗಿದ ಆ ಬೆಕ್ಕು ಬಾಯಾರಿ, ವಾಕರಿಸಿ, ಹಲವು ದಿನ ನರಳಿಯೇ ಸತ್ತಿರುವ ಸಂಭವ ಹೆಚ್ಚು. ನಾವು ಅದನ್ನು ಕಾಣಲಿಲ್ಲ ಅಷ್ಟೆ. ಇಂದು ನಗರದ ಮನೆಗಳಲ್ಲಿ ಒಳಗೇ ಬೆಳೆದು, ಚುಚ್ಚುಮದ್ದು ಹಾಕಿಸಿಕೊಂಡು, ಬೀದಿಯ ನಾಯಿಗೂ ವಾಹನಕ್ಕೂ ಸಿಕ್ಕದೆ ಹದಿನೈದು ವರ್ಷ ದಾಟುವ ಬೆಕ್ಕುಗಳು ಅಪರೂಪವಲ್ಲ. ಪಶುವೈದ್ಯರು ಹೇಳುವ ಹೋಲಿಕೆಯಂತೆ ಹದಿನೈದು ವರ್ಷದ ಬೆಕ್ಕೆಂದರೆ ಮನುಷ್ಯರಲ್ಲಿ ಸುಮಾರು 76 ವರ್ಷದ ವೃದ್ಧರಿಗೆ ಸಮ. ಆ ವಯಸ್ಸಿನ ಮನುಷ್ಯರ ರಕ್ತವನ್ನು ಪರೀಕ್ಷಿಸಿದರೆ ಎಲ್ಲ ಅಂಕಿಗಳೂ ಚೊಕ್ಕಟವಾಗಿ ಬಂದಾವೆಂದು ಯಾರೂ ನಿರೀಕ್ಷಿಸುವುದಿಲ್ಲವಷ್ಟೆ.

ಮೊದಲು ಆ ‘ಸಹಜ ಮಿತಿ’ ಎಂಬುದರ ಹುಟ್ಟನ್ನು ತಿಳಿಯಬೇಕು. ಆರೋಗ್ಯವಾಗಿರುವ ಬೆಕ್ಕುಗಳ ರಕ್ತವನ್ನು ಪರೀಕ್ಷಿಸಿ, ಬಂದ ಅಂಕಿಗಳಲ್ಲಿ ನಡುವಣ ಶೇಕಡ 95ನ್ನು ಸಹಜವೆಂದು ಉಳಿಸಿಕೊಂಡು, ಎರಡು ಅಂಚುಗಳ ಶೇಕಡ 5ನ್ನು ಹೊರಗಿಡುವುದು ವಾಡಿಕೆ. ಎಂದರೆ, ಹೊರಗಿಟ್ಟವೂ ಆರೋಗ್ಯವಂತ ಬೆಕ್ಕುಗಳ ಅಂಕಿಗಳೇ. ಒಂದೇ ಕಾಗದದಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಇಪ್ಪತ್ತು ಅಂಶಗಳನ್ನು ಅಳೆದರೆಂದು ಇಟ್ಟುಕೊಳ್ಳೋಣ. ಯಾವ ರೋಗವೂ ಇಲ್ಲದ ಬೆಕ್ಕಿಗೆ ಕೂಡ ಅವುಗಳಲ್ಲಿ ಒಂದಾದರೂ ಮಿತಿಯ ಹೊರಗೆ ಬೀಳುವ ಸಂಭವ ನೂರಕ್ಕೆ 64. ಗಣಿತದ ವಿದ್ಯಾರ್ಥಿಗಳು 0.95ನ್ನು ಇಪ್ಪತ್ತು ಸಲ ತನ್ನಿಂದಲೇ ಗುಣಿಸಿ ಇದನ್ನು ಸರಿನೋಡಿಕೊಳ್ಳಬಹುದು. ಬಾಣದ ಗುರುತನ್ನು ಕಂಡು ಬೆಚ್ಚಿದವರಿಗೆ ಯಾರೂ ಈ ಲೆಕ್ಕವನ್ನು ಹೇಳುವುದಿಲ್ಲವೆಂಬುದು ವಿಷಾದದ ಸಂಗತಿ.

ಬೆಕ್ಕಿನ ಸ್ವಭಾವವೂ ಈ ಅಂಕಿಗಳೊಳಗೆ ಕೈಹಾಕುತ್ತದೆ. ಬುಟ್ಟಿಯೊಳಗೆ ತುರುಕಿ, ನಾಯಿಗಳು ಬೊಗಳುವ ಆಸ್ಪತ್ರೆಯ ಪಡಸಾಲೆಯಲ್ಲಿ ಅರ್ಧ ಗಂಟೆ ಕೂರಿಸಿ, ಅಪರಿಚಿತರ ಕೈಯಿಂದ ಕಾಲನ್ನು ಹಿಡಿಸಿ ತೆಗೆದ ರಕ್ತದಲ್ಲಿ ಸಕ್ಕರೆಯ ಅಂಶ ಏರಿರುವುದು ಬೆಕ್ಕಿನ ಜಾತಿಗೆ ಸಾಮಾನ್ಯ. ಅದು ಮಧುಮೇಹವಲ್ಲ, ಭಯ. ಇವೆರಡನ್ನೂ ಬೇರ್ಪಡಿಸುವುದಕ್ಕೆ ಫ್ರಕ್ಟೋಸಮೀನ್ ಎಂಬ ಮತ್ತೊಂದು ಪರೀಕ್ಷೆಯುಂಟು; ಅದು ಆ ಗಳಿಗೆಯದಲ್ಲದೆ ಹಿಂದಿನ ಒಂದೆರಡು ವಾರದ ಸರಾಸರಿಯನ್ನು ಸೂಚಿಸುತ್ತದೆ. ರಕ್ತದ ಒತ್ತಡವೂ ಹೀಗೆಯೇ ಅಂಜಿಕೆಯಿಂದ ಏರುತ್ತದೆ.

ಆದರೆ ಮುದಿ ಬೆಕ್ಕಿನ ವಿಷಯದಲ್ಲಿ ಮನೆಮಂದಿಯನ್ನು ಹೆಚ್ಚಾಗಿ ಹೆದರಿಸುವ ಅಂಕಿ ಕ್ರಿಯಾಟಿನೀನ್‌ನದು. ಮಾಂಸಖಂಡಗಳಲ್ಲಿ ಹುಟ್ಟಿ, ಮೂತ್ರಪಿಂಡಗಳ ಮೂಲಕ ಹೊರಗೆ ಹೋಗುವ ಕಲ್ಮಷ ಅದು. ಮೂತ್ರಪಿಂಡಗಳು ಸೋತಂತೆ ಅದು ರಕ್ತದಲ್ಲಿ ನಿಲ್ಲುತ್ತದೆ. ಈ ಅಳತೆಯ ದೋಷ ಎರಡು ಬಗೆಯದು. ಮೂತ್ರಪಿಂಡಗಳ ಶಕ್ತಿಯಲ್ಲಿ ಹೆಚ್ಚು ಕಡಿಮೆ ಮುಕ್ಕಾಲು ಪಾಲು ಹೋಗುವವರೆಗೂ ಅಂಕಿ ಮಿತಿಯನ್ನು ದಾಟದೆ ಇರಬಹುದು. ದೇಹ ಬಡವಾಗಿ ಮಾಂಸ ಕರಗಿದ ಮುದಿ ಬೆಕ್ಕಿನಲ್ಲಿ ಅದು ನಿಜಕ್ಕಿಂತ ಕಡಿಮೆಯಾಗಿಯೇ ತೋರಬಹುದು. ಮತ್ತೊಂದು ಕಡೆ, ಎರಡು ದಿನ ವಾಂತಿಯಾಗಿ ಮೈಯ ನೀರಿಂಗಿದ್ದರೆ ಅದೇ ಅಂಕಿ ನಿಜಕ್ಕಿಂತ ಮೇಲೇರಿರುತ್ತದೆ. ಆದ್ದರಿಂದ ಅರಿತ ವೈದ್ಯರು ಇದೊಂದನ್ನೇ ನೋಡುವುದಿಲ್ಲ. ಮೂತ್ರದ ಸಾಂದ್ರತೆಯನ್ನು ನೋಡುತ್ತಾರೆ. ಬೆಕ್ಕಿನ ಪೂರ್ವಜರು ಆಫ್ರಿಕ ಮತ್ತು ಪಶ್ಚಿಮ ಏಷ್ಯದ ಒಣನೆಲದ ಕಾಡುಬೆಕ್ಕುಗಳು. ಕಡಮೆ ನೀರಿನಲ್ಲಿ ಬದುಕಿ ಮೂತ್ರವನ್ನು ಬಹು ಗಟ್ಟಿಮಾಡಿ ಬಿಡುವುದು ಈ ಕುಲದ ಸಾಮರ್ಥ್ಯ. ನೀರಿಂಗಿದ ಬೆಕ್ಕಿನ ಮೂತ್ರದ ಸಾಪೇಕ್ಷ ಸಾಂದ್ರತೆ 1.035ಕ್ಕಿಂತ ಕೆಳಗೆ ಉಳಿದಿದ್ದರೆ ಆ ಸಾಮರ್ಥ್ಯ ಕುಂದುತ್ತಿದೆಯೆಂದು ಶಂಕಿಸಬೇಕು. ಥೈರಾಯಿಡ್ ಗ್ರಂಥಿಯ ಅತಿಚಟುವಟಿಕೆಯೂ ಮುದಿ ಬೆಕ್ಕುಗಳಲ್ಲಿ ಸಾಮಾನ್ಯವಾಗಿ ಕಾಣುವ ರೋಗ. ವೈದ್ಯಲೋಕ ಅದನ್ನು ಬೆಕ್ಕುಗಳಲ್ಲಿ ಗುರುತಿಸಿದ್ದೇ 1979ರ ಸುಮಾರಿಗೆ. ಅದು ಮೂತ್ರಪಿಂಡಗಳಿಗೆ ಹರಿಯುವ ರಕ್ತವನ್ನು ಹೆಚ್ಚಿಸಿ ಅವುಗಳ ದೌರ್ಬಲ್ಯವನ್ನು ಮುಚ್ಚಿಡುತ್ತದೆ. ಒಂದಕ್ಕೆ ಚಿಕಿತ್ಸೆ ಮಾಡಿದೊಡನೆ ಮತ್ತೊಂದರ ಅಂಕಿ ಏರಿದರೆ ಔಷಧವೇ ಕೆಡಿಸಿತೆಂದು ಜನ ತಿಳಿಯುತ್ತಾರೆ. ಬಹುಮಟ್ಟಿಗೆ ಅದು ಮುಚ್ಚಿದ್ದ ತೆರೆ ಸರಿದದ್ದು.

ಸಾಕುಪ್ರಾಣಿಗಳ ಮೂತ್ರಪಿಂಡರೋಗಕ್ಕಾಗಿಯೇ 1998ರಲ್ಲಿ ಅಂತರರಾಷ್ಟ್ರೀಯ ತಜ್ಞರ ಮಂಡಳಿಯೊಂದು ಏರ್ಪಟ್ಟಿತು. ಅವರು ಹಾಕಿಕೊಟ್ಟ ನಾಲ್ಕು ಹಂತಗಳ ಕ್ರಮವನ್ನು ಇಂದು ಎಲ್ಲೆಡೆಯೂ ಬಳಸುತ್ತಾರೆ: ಬೆಕ್ಕಿನ ರಕ್ತದ ಡೆಸಿಲೀಟರಿಗೆ ಕ್ರಿಯಾಟಿನೀನ್ 1.6 ಮಿಲಿಗ್ರಾಮಿಗಿಂತ ಕೆಳಗಿದ್ದರೆ ಮೊದಲನೆಯ ಹಂತ, 2.8ರವರೆಗೆ ಎರಡನೆಯದು, 5ರವರೆಗೆ ಮೂರನೆಯದು, ಅದರ ಮೇಲೆ ನಾಲ್ಕನೆಯದು. ಈ ಕ್ರಮದಲ್ಲಿ ನನಗೆ ಮೆಚ್ಚಿಕೆಯಾದದ್ದು ಹಂತಗಳಲ್ಲ, ಅದರ ಹಿಂದಿರುವ ನಿಬಂಧನೆ. ಬೆಕ್ಕಿನ ಮೈಯಲ್ಲಿ ನೀರಿನಂಶ ಸರಿಯಾಗಿರಬೇಕು, ಅದರ ಸ್ಥಿತಿ ಸ್ಥಿರವಾಗಿರಬೇಕು, ಅಳತೆ ಒಂದು ಸಲವಲ್ಲ, ಕನಿಷ್ಠ ಎರಡು ಸಲವಾದರೂ ಆಗಿರಬೇಕು. ಅಲ್ಲಿಯವರೆಗೂ ಹಂತವನ್ನು ಹೇಳಕೂಡದು. ಪಂಡಿತರೇ ಒಂದು ಅಂಕಿಯನ್ನು ನಂಬದಿರುವಾಗ ನಾವು ರಾತ್ರಿ ಹತ್ತು ಗಂಟೆಯಲ್ಲಿ ಅದನ್ನು ಪೂರ್ಣವಾಗಿ ನಂಬಿಬಿಡುವುದು ವಿಚಿತ್ರವಲ್ಲವೇ?

ನಮ್ಮ ಮನೆಯ ಹದಿನಾಲ್ಕು ವರ್ಷದ ಬೂದುಬಣ್ಣದ ಬೆಕ್ಕಿಗೆ ಮೊದಲ ಸಲ ಬಂದ ಅಂಕಿ 3.4. ಮನೆಯಲ್ಲಿ ಎರಡು ದಿನ ಊಟ ಸೇರಲಿಲ್ಲ, ನಮಗೆ, ಬೆಕ್ಕಿಗಲ್ಲ. ನಮ್ಮ ತಾಯಿಯವರು ಮಾತ್ರ, “ನನ್ನ ಸಕ್ಕರೆ ಕಾಯಿಲೆಯ ಕಾಗದ ಬಂದಾಗ ನೀವು ಯಾರೂ ಇಷ್ಟು ಹೆದರಲಿಲ್ಲವಲ್ಲಪ್ಪ” ಎಂದು ನಕ್ಕು, ಬೆಕ್ಕಿನ ನೀರಿನ ಬಟ್ಟಲನ್ನು ತೊಳೆಯುವುದಕ್ಕೆ ಎದ್ದುಹೋದರು. ನೀರು ಕೊಡಿಸಿ, ಆಹಾರ ಬದಲಿಸಿ, ಮೂರು ವಾರ ಬಿಟ್ಟು ಮತ್ತೆ ನೋಡಿದಾಗ ಬಂದದ್ದು 2.7. ರೋಗ ಹೋಗಲಿಲ್ಲ; ಹೋಗುವಂಥದೂ ಅಲ್ಲ. ಆದರೆ ಆ ಮೊದಲ ರಾತ್ರಿ ನಾವು ಅಳೆದುಕೊಂಡಿದ್ದ ಅವಧಿಗೂ ಬೆಕ್ಕಿಗೆ ನಿಜವಾಗಿ ದೊರೆತ ಅವಧಿಗೂ ಬಹಳ ಅಂತರವಿತ್ತು.

ಹಾಗೆಂದು ಎಲ್ಲಕ್ಕೂ ಕಾದು ನೋಡುವುದೇ ಧರ್ಮವೆಂದು ಯಾರೂ ತಿಳಿಯಬಾರದು. ಕಾಯಕೂಡದ ಸಂದರ್ಭಗಳು ಕೆಲವುಂಟು. ಅವು ಕಾಗದದಲ್ಲಿಲ್ಲ, ಕಣ್ಣೆದುರಿಗೇ ಇರುತ್ತವೆ. ಗಂಡುಬೆಕ್ಕು ಮಲಮೂತ್ರದ ತಟ್ಟೆಯಲ್ಲಿ ಮತ್ತೆ ಮತ್ತೆ ಕುಳಿತು ತಿಣುಕಿಯೂ ಹನಿ ಮೂತ್ರ ಬರಲಿಲ್ಲವೆಂದರೆ ಅದು ಗಂಟೆಗಳ ಪ್ರಶ್ನೆ, ನಾಳೆಯೆನ್ನುವಂತಿಲ್ಲ. ಬಾಯಿ ತೆರೆದು ಏದುಸಿರು ಬಿಡುವುದು, ಕಣ್ಣು ಇದ್ದಕ್ಕಿದ್ದಂತೆ ಕಾಣದೆ ಗೋಡೆಗೆ ತಾಕುವುದು ಇಂಥವೇ. ಎರಡನೆಯದರ ಹಿಂದೆ ಅನೇಕ ವೇಳೆ ರಕ್ತದೊತ್ತಡವಿರುತ್ತದೆ. ಎರಡು ಮೂರು ದಿನ ಏನನ್ನೂ ತಿನ್ನದ ಬೆಕ್ಕಿನ, ಅದರಲ್ಲಿಯೂ ದಪ್ಪಗಿದ್ದ ಬೆಕ್ಕಿನ, ಯಕೃತ್ತಿನಲ್ಲಿ ಕೊಬ್ಬು ತುಂಬಿ ಪ್ರಾಣಕ್ಕೇ ಅಪಾಯವಾಗುತ್ತದೆ. ಉಪವಾಸ ಮನುಷ್ಯನಿಗೆ ವ್ರತವಾಗಬಹುದು, ಬೆಕ್ಕಿಗೆ ಆಗದು. ಇನ್ನು, ಜ್ವರಕ್ಕೆಂದು ಮನೆಯಲ್ಲಿ ಇಟ್ಟ ಪ್ಯಾರಾಸಿಟಮಾಲ್ ಮಾತ್ರೆಯ ಚೂರನ್ನು ಕರುಣೆಯಿಂದ ಕೊಡುವವರಿದ್ದಾರೆ. ಅದನ್ನು ಜೀರ್ಣಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗಿಲ್ಲ. ಒಂದೇ ಮಾತ್ರೆ ಅದನ್ನು ಕೊಲ್ಲಬಲ್ಲದು.

ಉಳಿದ ಸಂದರ್ಭಗಳಲ್ಲಿ, ವೈದ್ಯರು ಮತ್ತೊಂದು ಪರೀಕ್ಷೆಯನ್ನು ಸೂಚಿಸಿದಾಗ ನಾವು ವಿನಯದಿಂದ ಕೇಳಬಹುದಾದ ಪ್ರಶ್ನೆ ಒಂದಿದೆ: ಇದರ ಫಲ ಹೀಗೆ ಬಂದರೆ ನಾಳೆ ನಾವು ಮಾಡುವುದೇನು, ಹಾಗೆ ಬಂದರೆ ಮಾಡುವುದೇನು? ಎರಡಕ್ಕೂ ಉತ್ತರ ಒಂದೇ ಆಗಿದ್ದರೆ ಆ ಪರೀಕ್ಷೆ ನಮ್ಮ ಮನಸ್ಸಮಾಧಾನಕ್ಕೇ ಹೊರತು ಬೆಕ್ಕಿಗಲ್ಲ. ರಕ್ತದ ರಂಜಕ ಏರಿದೆಯೆ ಎಂದು ನೋಡುವುದು ಸಾರ್ಥಕ, ಏಕೆಂದರೆ ಏರಿದ್ದರೆ ಆಹಾರವನ್ನು ಬದಲಿಸಬೇಕು, ಔಷಧವನ್ನು ಸೇರಿಸಬೇಕು. ಒತ್ತಡವನ್ನು ಅಳೆಯುವುದು ಸಾರ್ಥಕ, ಏಕೆಂದರೆ ಅದಕ್ಕೆ ಮಾತ್ರೆಯುಂಟು. ಹದಿನೆಂಟು ವರ್ಷದ, ಶಸ್ತ್ರಚಿಕಿತ್ಸೆಗೆ ತಾಳಲಾರದ ಬೆಕ್ಕಿನ ಹೊಟ್ಟೆಯ ಗಂಟು ಯಾವ ಜಾತಿಯದೆಂದು ಅರಿವಳಿಕೆ ಕೊಟ್ಟು ಸೂಜಿ ಹಾಕಿ ತಿಳಿಯುವುದು ಯಾರಿಗೆ ಸಾರ್ಥಕವೋ ನನಗೆ ತಿಳಿಯದು. ಒಳ್ಳೆಯ ವೈದ್ಯರು ಈ ಪ್ರಶ್ನೆಯಿಂದ ಕೋಪಗೊಳ್ಳುವುದಿಲ್ಲ. ಹಣದ ಮಾತನ್ನೂ ಇಲ್ಲಿ ನಾಚಿಕೆಯಿಲ್ಲದೆ ಆಡಬೇಕು. ಮಗಳ ಕಾಲೇಜಿನ ಶುಲ್ಕವನ್ನೂ ಬೆಕ್ಕಿನ ಸ್ಕ್ಯಾನಿಂಗನ್ನೂ ಒಂದೇ ಸಂಬಳದಲ್ಲಿ ತೂಗಬೇಕಾದ ಗೃಹಸ್ಥ ನಿರ್ದಯನೇನೂ ಅಲ್ಲ.

ನಮ್ಮ ನಾಡಿನಲ್ಲಿ ಪಶುವೈದ್ಯಶಾಸ್ತ್ರ ಬೆಳೆದದ್ದು ಮುಖ್ಯವಾಗಿ ದನಕರುಗಳ ಸುತ್ತ. ಅದು ನ್ಯಾಯವೂ ಹೌದು. ಹೆಬ್ಬಾಳದ ಪಶುವೈದ್ಯ ಕಾಲೇಜು 1958ರಲ್ಲಿ ಆರಂಭವಾದಾಗ ಮುದಿ ಬೆಕ್ಕಿನ ಮೂತ್ರಪಿಂಡವನ್ನು ಕುರಿತು ಚಿಂತಿಸಿದವರು ಬಹಳ ಮಂದಿ ಇದ್ದಿರಲಾರರು. ಇಂದು ಬೆಂಗಳೂರು, ಮೈಸೂರುಗಳಂಥ ಊರುಗಳಲ್ಲಿ ಸಕಲ ಸಲಕರಣೆಗಳೂ ದೊರೆಯುತ್ತವೆ. ಸಣ್ಣ ಊರಿನವರು ಇದರಿಂದ ಎದೆಗುಂದಬೇಕಾಗಿಲ್ಲ. ಮನೆಯಲ್ಲಿಯೇ ಮಾಡಬಹುದಾದ, ಬೆಕ್ಕಿಗೆ ಭಯವನ್ನುಂಟುಮಾಡದ ಪರೀಕ್ಷೆಗಳು ಹಲವಿವೆ. ಬೆಕ್ಕನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ಬಳಿಕ ನಿಮ್ಮ ತೂಕವನ್ನು ಕಳೆದರೆ ಅದರ ತೂಕ ತಿಳಿಯುತ್ತದೆ. ಯಂತ್ರ ನೂರು ಗ್ರಾಮಿನವರೆಗೆ ತೋರಿಸುವಂಥದಾಗಿರಬೇಕು. ನಾಲ್ಕು ಕಿಲೋ ತೂಗುವ ಬೆಕ್ಕು ನಾನೂರು ಗ್ರಾಮು ಕಳೆದುಕೊಂಡಿತೆಂದರೆ ಅರುವತ್ತು ಕಿಲೋ ಮನುಷ್ಯ ಆರು ಕಿಲೋ ಇಳಿದಂತೆ. ಬಟ್ಟಲಿನ ನೀರು ದಿನಕ್ಕೆ ಎಷ್ಟು ಇಳಿಯಿತು, ಮರಳಿನ ತಟ್ಟೆಯಲ್ಲಿ ಎಷ್ಟು ಉಂಡೆಗಳಾದವು, ಮಲಗಿದಾಗ ನಿಮಿಷಕ್ಕೆ ಉಸಿರು ಮೂವತ್ತನ್ನು ಮೀರುತ್ತದೆಯೆ, ಮೊದಲು ಹಾರುತ್ತಿದ್ದ ಕಿಟಕಿಯ ಕಟ್ಟೆಗೆ ಈಗ ಹಾರುತ್ತದೆಯೆ ಎಂಬುದನ್ನು ಒಂದು ಹಳೆಯ ನೋಟುಪುಸ್ತಕದಲ್ಲಿ ಬರೆದಿಟ್ಟವರು ವೈದ್ಯರಿಗೆ ಅರ್ಧ ಕೆಲಸವನ್ನು ಉಳಿಸುತ್ತಾರೆ. ಚಿಂತೆಗೂ ಇದರಿಂದ ಒಂದು ಕೆಲಸ ಸಿಕ್ಕಂತಾಗುತ್ತದೆ.

ಆಹಾರದ ವಿಚಾರದಲ್ಲಿ ಒಂದು ಮಾತು. ಮೂತ್ರಪಿಂಡದ ರೋಗಕ್ಕೆ ಪಥ್ಯವೆಂದೊಡನೆ ನಮ್ಮ ಸಸ್ಯಾಹಾರಿ ಮನೆಗಳಲ್ಲಿ ಒಂದು ಬಗೆಯ ಸಂತೋಷ ತಲೆದೋರುತ್ತದೆ; ಇನ್ನು ಮೀನು ಮಾಂಸ ಬೇಡ, ಹಾಲನ್ನ ಮೊಸರನ್ನ ಸಾಕೆಂದು ತೀರ್ಮಾನಿಸಿಬಿಡುತ್ತಾರೆ. ಬೆಕ್ಕು ಮಾಂಸಾಹಾರಿಯಾಗಿಯೇ ಹುಟ್ಟಿದ ಪ್ರಾಣಿ. ಟಾರೀನ್ ಎಂಬ ಸತ್ತ್ವ ಅದಕ್ಕೆ ಆಹಾರದಿಂದಲೇ ಬರಬೇಕು, ಅನ್ನದಲ್ಲಿ ಅದಿಲ್ಲ. ಪಥ್ಯದ ಉದ್ದೇಶ ರಂಜಕವನ್ನು ತಗ್ಗಿಸಿ ಪ್ರೋಟೀನನ್ನು ಹಿತಮಿತವಾಗಿಡುವುದೇ ಹೊರತು ಮಾಂಸವನ್ನು ತೊಡೆದುಹಾಕುವುದಲ್ಲ. ಬೆಳೆದ ಬೆಕ್ಕುಗಳಲ್ಲಿ ಅನೇಕಕ್ಕೆ ಹಾಲು ಜೀರ್ಣವೇ ಆಗದು. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿನ ಗಾದೆ ನಮ್ಮ ಭಾಷೆಗೆ ಶೋಭೆ, ರೋಗಿಯ ತಟ್ಟೆಗಲ್ಲ. ಅಷ್ಟಾಗಿ, ಪಥ್ಯದ ಆಹಾರವನ್ನು ಬೆಕ್ಕು ಮೂಸಿ ತಿರುಗಿಹೋದರೆ ಹಟ ಹಿಡಿಯಬಾರದು. ತಿನ್ನದ ಪಥ್ಯಕ್ಕಿಂತ ತಿಂದ ಮಾಮೂಲು ಊಟ ಮೇಲು.

“ಬೆಕ್ಕಿಗೆ ಇಷ್ಟೆಲ್ಲ ಉಂಟೇ?” ಎಂದು ಹುಬ್ಬೇರಿಸುವವರು ನೆಂಟರಲ್ಲಿಯೂ ನೆರೆಯಲ್ಲಿಯೂ ಇದ್ದೇ ಇರುತ್ತಾರೆ. ಅವರಿಗೆ ಉತ್ತರವಾಗಿ ಡಾಕ್ಟರ್ ಜಾನ್ಸನ್ನನನ್ನು ನೆನೆಯುವುದು ನನಗೆ ಇಷ್ಟ. 1755ರಲ್ಲಿ ಇಂಗ್ಲಿಷ್ ಭಾಷೆಗೆ ಮಹಾನಿಘಂಟನ್ನು ಕೊಟ್ಟ ಆ ದೈತ್ಯ ಪಂಡಿತ ತನ್ನ ಹಾಜ್ ಎಂಬ ಬೆಕ್ಕಿಗೆ ಸಿಂಪಿಗಳನ್ನು ತರಲು ತಾನೇ ಪೇಟೆಗೆ ಹೋಗುತ್ತಿದ್ದನಂತೆ. ಕಾರಣ, ಆಳುಗಳನ್ನು ಕಳುಹಿಸಿದರೆ ಆ ತೊಂದರೆಯ ಸಿಟ್ಟನ್ನು ಅವರು ಬಡಪ್ರಾಣಿಯ ಮೇಲೆ ತೀರಿಸಿಯಾರೆಂಬ ಅಂಜಿಕೆ. ಬೆಕ್ಕೆಂದರೆ ಆಗದ ಬಾಸ್ವೆಲ್ಲನೇ ಇದನ್ನು 1791ರ ತನ್ನ ಜೀವನಚರಿತ್ರೆಯಲ್ಲಿ ಬರೆದಿಟ್ಟಿದ್ದಾನೆ. ಲಂಡನ್ನಿನ ಗಾಫ್ ಚೌಕದಲ್ಲಿ, ಜಾನ್ಸನ್ನನ ಮನೆಯ ಎದುರಿಗೆ, ಸಿಂಪಿಯ ಚಿಪ್ಪುಗಳೊಡನೆ ಕುಳಿತ ಹಾಜ್‌ನ ಪ್ರತಿಮೆಯನ್ನು 1997ರಲ್ಲಿ ನಿಲ್ಲಿಸಿದ್ದಾರೆ. ಈ ಕಥೆಯಲ್ಲಿ ಸಿಂಪಿಗಿಂತ ಆ ಅಂಜಿಕೆಯೇ ನನಗೆ ದೊಡ್ಡದಾಗಿ ತೋರುತ್ತದೆ. ಮುದಿ ಬೆಕ್ಕಿನ ರೋಗವೆಂದರೆ ಪ್ರತಿದಿನ ತೊಳೆಯುವ, ಒರೆಸುವ, ನಡುರಾತ್ರಿ ಏಳುವ ಕೆಲಸ. ನಮ್ಮಲ್ಲಿ ಬೆಕ್ಕನ್ನು ಮುದ್ದಿಸುವವರು ಒಬ್ಬರು, ಅದರ ವಾಂತಿಯನ್ನು ಬಳಿಯುವವರು ಮತ್ತೊಬ್ಬರು. ಹೆಚ್ಚಾಗಿ ಮನೆಯ ಹೆಂಗಸರು, ಇಲ್ಲವೆ ಕೆಲಸಕ್ಕೆ ಬರುವವರು. ಅವರು ಗೊಣಗಿದರೆ ಕರುಣೆಯಿಲ್ಲದವರೆಂದು ದೂರುವುದು ನ್ಯಾಯವಲ್ಲ. ಪ್ರೀತಿ ಯಾರದೋ ಪೊರಕೆಯೂ ಅವರದೇ ಆಗಬೇಕು. ವೈದ್ಯರು ಚರ್ಮದಡಿಯಲ್ಲಿ ದ್ರವವನ್ನು ಕೊಡುವುದು ಅಗತ್ಯವೆಂದು ಹೇಳಿದಾಗ, ಭುಜಗಳ ನಡುವಣ ಸಡಿಲವಾದ ಚರ್ಮವನ್ನು ಗುಡಾರದಂತೆ ಎತ್ತಿ ಸೂಜಿ ಚುಚ್ಚುವುದನ್ನು ಅವರಿಂದ ಕಲಿತುಕೊಳ್ಳಬಹುದು. ದ್ರವದ ಚೀಲವನ್ನು ಮೊದಲೇ ಬಿಸಿನೀರಿನಲ್ಲಿಟ್ಟು ಮೈಬಿಸಿಗೆ ತಂದರೆ ಬೆಕ್ಕು ಅಷ್ಟಾಗಿ ಕೊಸರುವುದಿಲ್ಲ. ಮೊದಲ ಸಲ ಕೈ ನಡುಗುತ್ತದೆ. ಹತ್ತನೆಯ ಸಲಕ್ಕೆ ಅದು ಸಂಜೆಯ ದೀಪ ಹಚ್ಚಿದಷ್ಟೇ ಸಹಜವಾಗುತ್ತದೆ.

ಕೊನೆಯ ನಿರ್ಧಾರದ ಕಾಲ ಬಂದಾಗ ಅಂಕಿಗಳ ಸಹಾಯ ಬಹಳ ಕಡಮೆ. ಅಲ್ಲಿ ಬೇಕಾದದ್ದು ನೋಡುವ ಕಣ್ಣು. 2019ರಲ್ಲಿ ಮಾಂಟ್ರಿಯಲ್ ವಿಶ್ವವಿದ್ಯಾಲಯದ ಸಂಶೋಧಕರು ಬೆಕ್ಕಿನ ಮುಖದಿಂದ ನೋವನ್ನು ಅಳೆಯುವ ಕ್ರಮವೊಂದನ್ನು ಪ್ರಕಟಿಸಿದರು: ಕಿವಿಗಳ ನಿಲುವು, ಕಣ್ಣಿನ ಕಿರಿದಾಗುವಿಕೆ, ಮೂತಿಯ ಬಿಗಿತ, ಮೀಸೆಗಳ ದಿಕ್ಕು, ತಲೆ ಭುಜಕ್ಕಿಂತ ಕೆಳಗೆ ಜೋತಿದೆಯೆ ಎಂಬುದು. ಅದಕ್ಕೂ ಮೊದಲು, 2004ರಲ್ಲಿ, ಅಮೆರಿಕದ ಪಶುವೈದ್ಯೆ ಆಲಿಸ್ ವಿಲ್ಲಲೋಬೋಸ್ ಏಳು ಪ್ರಶ್ನೆಗಳ ಪಟ್ಟಿಯೊಂದನ್ನು ಮಾಡಿದರು. ನೋವು, ಹಸಿವು, ನೀರು, ಶುಚಿ, ಉಲ್ಲಾಸ, ಓಡಾಟ, ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನಗಳು ಹೆಚ್ಚೆ ಎಂಬಿವು. ಒಂದೊಂದಕ್ಕೂ ಹತ್ತರಲ್ಲಿ ಅಂಕ. ಒಟ್ಟು 35ನ್ನು ಮೀರಿದರೆ ಬಾಳು ಸಹ್ಯವೆಂದು ಅವರ ಎಣಿಕೆ. ಅಂಕಪಟ್ಟಿಯೇ ಬೇಕೆಂಬವರಿಗೆ ಇದು ಮೇಲಾದದ್ದು. ಇದನ್ನು ತುಂಬುವುದಕ್ಕೆ ಬೆಕ್ಕನ್ನು ನೋಡಲೇಬೇಕಾಗುತ್ತದೆ.

ದಯಾಮರಣವೆಂದರೆ ನಮ್ಮ ಮನಸ್ಸು ಹಿಂದೆಗೆಯುತ್ತದೆ. ಕೊಟ್ಟವನೇ ಕೊಂಡೊಯ್ಯಲಿ ಎಂಬ ಭಾವ ನಮ್ಮಲ್ಲಿ ಆಳವಾಗಿದೆ. ಅದನ್ನು ಹಗುರವಾಗಿ ನೋಡುವವನು ನಾನಲ್ಲ. ಆದರೆ ನಾಳೆ ಗುಣವಾಗುತ್ತದೆ, ಇಂದು ಸಹಿಸು ಎಂದು ಬೆಕ್ಕಿಗೆ ಹೇಳುವ ಭಾಷೆ ನಮ್ಮಲ್ಲಿಲ್ಲ. ಅದಕ್ಕೆ ಇರುವುದು ಈ ಹೊತ್ತಿನ ನೋವು ಮಾತ್ರ. ಊಟವೂ ಇಲ್ಲ, ನಿದ್ರೆಯೂ ಇಲ್ಲ, ಮುಟ್ಟಿದರೆ ನೋವು ಎಂಬ ಸ್ಥಿತಿಯಲ್ಲಿ ಅದನ್ನು ಎಳೆದುಕೊಂಡು ಹೋಗುವುದನ್ನು ಅಹಿಂಸೆಯೆಂದು ಕರೆಯಲು ನನಗೆ ನಾಲಿಗೆ ಬಾರದು. ಅದನ್ನು ಒಪ್ಪದವರಿಗೂ ನೋವನ್ನು ಶಮನಮಾಡಿಸುವ ಹೊಣೆಯಂತೂ ತಪ್ಪುವುದಿಲ್ಲ. ಯಾವ ವೈದ್ಯರು ಮನೆಗೇ ಬರಬಲ್ಲರು, ಯಾವ ಹೊತ್ತಿನಲ್ಲಿ, ಬಳಿಕ ಎಲ್ಲಿ ಮಣ್ಣು ಮಾಡುವುದು ಎಂಬುದನ್ನೆಲ್ಲ ಬೆಕ್ಕು ಇನ್ನೂ ಬಿಸಿಲಿನಲ್ಲಿ ಮೈಚಾಚಿ ಮಲಗಿರುವ ದಿನಗಳಲ್ಲಿಯೇ ವಿಚಾರಿಸಿಟ್ಟುಕೊಳ್ಳುವುದು ಒಳ್ಳೆಯದು. ಆ ಗಳಿಗೆಯಲ್ಲಿ ಯೋಚಿಸುವ ಶಕ್ತಿ ಯಾರಿಗೂ ಇರುವುದಿಲ್ಲ.

ಮನೆಯಲ್ಲಿ ಮಕ್ಕಳಿದ್ದರೆ ಅವರಿಗೂ ತಿಳಿಸಬೇಕು. ಬೆಕ್ಕು ಎಲ್ಲಿಗೋ ಹೋಯಿತೆಂದು ಹೇಳಿದರೆ ಮಗು ತಿಂಗಳುಗಟ್ಟಲೆ ಬಾಗಿಲನ್ನು ಕಾಯುತ್ತದೆ. ಮಲಗಿಸಿದೆವು ಎಂದರೆ ರಾತ್ರಿ ತಾನು ಮಲಗುವುದಕ್ಕೆ ಹೆದರುತ್ತದೆ. ರೋಗವೆಂದರೆ ರೋಗ, ಸಾವೆಂದರೆ ಸಾವು ಎಂದೇ ಹೇಳಿ, ಕೇಳಿದ ಪ್ರಶ್ನೆಗಳಿಗೆ ಉತ್ತರ ಕೊಟ್ಟರೆ ಸಾಕು. ಶಾಲೆಯ ಪರೀಕ್ಷೆಯ ಹಿಂದಿನ ದಿನ ಬೇಡ. ಬಿಡುವಿನ ಒಂದು ಸಂಜೆ, ಬೆಕ್ಕೂ ಹತ್ತಿರದಲ್ಲಿಯೇ ಇರುವಾಗ ಹೇಳಬಹುದು.